ಅಳಿವೆ ದಾಟಿದ ದೋಣಿ

"ತವರಿನಲ್ಲಿ ಹೊತ್ತ ಹೊರೆಯ ಅರ್ಧವನ್ನೂ ಗಂಡನ ಮನೆಯಲ್ಲಿ ಹೊರಲಾಗುವುದಿಲ್ಲವೆಂದರೆ, ಅದು ಸೋಗಲ್ಲದೆ ಮತ್ತೇನು ಗುರುಗಳೇ?"

ಮುಕ್ತಾಬಾಯಿ ಹೀಗೆ ಕೇಳಿ, ಸೆರಗು ಸರಿಪಡಿಸಿಕೊಂಡು, ಉತ್ತರಕ್ಕಾಗಿ ನೆಟ್ಟಗೆ ಕುಳಿತಳು. ಅವಳು ಗುರುಗಳ ಹಳೆಯ ಶಿಷ್ಯೆ, ದೊಡ್ಡ ಮನೆಯೊಂದರ ಯಜಮಾನಿ. ಸೊಸೆ ನಳಿನಿಯನ್ನು ಅವಳೇ ನೋಡಿ ಆರಿಸಿ ತಂದಿದ್ದಳು. ಹೆಣ್ಣು ನೋಡಲು ಹೋದ ದಿನ, ತಾಯಿಯಿಲ್ಲದ ಆ ಮನೆಯಲ್ಲಿ ಹುಡುಗಿ ಅಡುಗೆಯನ್ನೂ ಕೊಟ್ಟಿಗೆಯನ್ನೂ ಹಾಸಿಗೆ ಹಿಡಿದ ಅಜ್ಜಿಯನ್ನೂ ಒಬ್ಬಳೇ, ಅಜ್ಜಿಯೊಡನೆ ನಗುತ್ತಲೇ, ನಿಭಾಯಿಸುವುದನ್ನು ಕಣ್ಣಾರೆ ಕಂಡಿದ್ದಳು. ಇಂಥವಳು ನಮ್ಮ ಮನೆಗೆ ತಕ್ಕವಳು ಎಂದು ಅಲ್ಲೇ ಮಾತು ಕೊಟ್ಟು ಬಂದಿದ್ದಳು.

ಮುಕ್ತಾಬಾಯಿಯ ಮನೆಯಲ್ಲಿ ಕೊಟ್ಟಿಗೆಯಿಲ್ಲ. ಹಾಸಿಗೆ ಹಿಡಿದವರೂ ಇಲ್ಲ. ಆದರೂ ಮಧ್ಯಾಹ್ನವಾಗುವಷ್ಟರಲ್ಲಿ ನಳಿನಿ ಗೋಡೆಗೆ ಒರಗಿ ಕೂರುತ್ತಿದ್ದಳು. ಏನಾಯಿತೆಂದು ಕೇಳಿದರೆ, ಏನೂ ಇಲ್ಲ, ಆಗುತ್ತಿಲ್ಲ ಅಷ್ಟೇ ಎನ್ನುತ್ತಿದ್ದಳು. ವೈದ್ಯರು ನೋಡಿದರು, ಮೈಯಲ್ಲಿ ಯಾವ ದೋಷವೂ ಇಲ್ಲವೆಂದರು. ಸಂಜೆ ಅವಳ ತಂದೆ ಬರುವವರಿದ್ದರು. ಅವರೆದುರಿಗೇ ಸೊಸೆಯನ್ನು ನಿಲ್ಲಿಸಿ, ನಿಮ್ಮ ಮಗಳು ಮೈಗಳ್ಳಿ, ಕರೆದುಕೊಂಡು ಹೋಗಿ ತಿದ್ದಿ ಕಳಿಸಿ ಎಂದು ಹೇಳಿಬಿಡುವುದೆಂದು ಮುಕ್ತಾಬಾಯಿ ತೀರ್ಮಾನಿಸಿದ್ದಳು. ಗುರುಗಳ ಒಪ್ಪಿಗೆಯೊಂದೇ ಬಾಕಿ.

ಗುರುಗಳು ಒಪ್ಪಿಗೆ ಕೊಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ದೋಣಿಕಾರನಿದ್ದ. ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸರಕು ಸಾಗಿಸುವುದು ಅವನ ಕಸುಬು. ದೋಣಿ ಅವನ ತಂದೆ ಕಟ್ಟಿಸಿದ್ದು. ಅದರ ಹೊರಮೈಯಲ್ಲಿ ತಂದೆಯೇ ಉಳಿಯಿಂದ ಒಂದು ಗೆರೆ ಕೊರೆದಿದ್ದ. ಸರಕು ತುಂಬುತ್ತ ಹೋದಂತೆ ದೋಣಿ ತಗ್ಗುತ್ತದೆ; ನೀರು ಬಂದು ಆ ಗೆರೆಯನ್ನು ಮುಟ್ಟಿದರೆ ಮುಗಿಯಿತು, ಆಮೇಲೆ ಒಂದು ತೆಂಗಿನಕಾಯಿಯನ್ನೂ ಏರಿಸುವಂತಿಲ್ಲ. ಇನ್ನೊಂದಿಷ್ಟು ಹಾಕಿಕೋ ಎಂದು ಅಂಗಲಾಚಿದವರಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು: ನಿನ್ನ ಸರಕು ಹೋದರೆ ಬೇರೆ ಸಿಕ್ಕೀತು, ನನ್ನಪ್ಪನ ದೋಣಿ ಎಲ್ಲಿ ಸಿಗುತ್ತದೆ? ಆ ಗೆರೆಯನ್ನು ನಂಬಿದ್ದರಿಂದ ಅವನು ಎಂಥ ಕಡಲಿಗೂ ಹೆದರಿದವನಲ್ಲ.

ಒಮ್ಮೆ ಒಬ್ಬ ವರ್ತಕ ಬಂದ. ನದಿಯ ಮೇಲ್ಗಡೆಯ ಊರಿಗೆ ಹೆಂಚು ಸಾಗಬೇಕಿತ್ತು. ಮಳೆ ಹಿಡಿಯುವ ಮೊದಲು ಅಲ್ಲಿ ಮನೆಗಳ ಮೇಲೆ ಸೂರು ಕೂರಬೇಕು. ನದಿಯ ದೋಣಿಗಳೆಲ್ಲ ಬೇರೆ ಬೇರೆ ಕೆಲಸಕ್ಕೆ ಹೋಗಿದ್ದವು. ನಾನು ಕಡಲಿನವನು, ನದಿ ನನಗೆ ಹೊಸದು ಎಂದು ದೋಣಿಕಾರ ಹಿಂದೆಮುಂದೆ ನೋಡಿದ. ಕಡಲನ್ನೇ ಗೆದ್ದವನಿಗೆ ನದಿ ಯಾವ ಲೆಕ್ಕ ಎಂದು ವರ್ತಕ ಉಬ್ಬಿಸಿದ. ದೋಣಿಕಾರ ಒಪ್ಪಿದ.

ಬಂದರಿನಲ್ಲಿ ಹೆಂಚು ತುಂಬಿಸಿದರು. ನೀರು ಗೆರೆ ಮುಟ್ಟಿತು, ತುಂಬಿಸುವುದು ನಿಂತಿತು. ದೋಣಿಕಾರ ಉಂಡು ಬಂದು, ಭರತದ ನೀರು ಏರುವುದನ್ನು ಕಾದು, ವರ್ತಕನನ್ನೂ ಕೂರಿಸಿಕೊಂಡು, ನದಿ ಕಡಲಿಗೆ ಸೇರುವ ಅಳಿವೆ ದಾಟಿ ನದಿಯೊಳಕ್ಕೆ ದೋಣಿ ನಡೆಸಿದ.

ಬಹಳ ದೂರ ಹೋಗಿ, ನದಿಯ ಹಲವು ತಿರುವು ಕಳೆದ ಮೇಲೆ, ರೂಢಿಯಂತೆ ಪಕ್ಕಕ್ಕೆ ಬಾಗಿ ನೋಡಿದ. ಗೆರೆ ಕಾಣಲಿಲ್ಲ. ಕೈಯಿಳಿಸಿ ತಡವಿದ. ಅದು ನೀರಿನ ಕೆಳಗೆ ಎರಡು ಬೆರಳಿನಷ್ಟು ಆಳದಲ್ಲಿತ್ತು.

ದೋಣಿ ಎಲ್ಲೋ ಸೋರುತ್ತಿರಬೇಕೆಂದು ತಳವನ್ನೆಲ್ಲ ಮುಟ್ಟಿ ನೋಡಿದ. ತಳ ಒಣಗಿತ್ತು. ನೀರು ಒಳಗೆ ಬಂದಿಲ್ಲವೆಂದರೆ ಭಾರ ಬಂದಿದೆ ಎಂದೇ ಅರ್ಥ. ಭಾರ ತಂದವನು ಎದುರಿಗೇ ಕುಳಿತಿದ್ದ.

"ನಾನು ಉಣ್ಣಲು ಹೋದಾಗ ಏನು ತುಂಬಿಸಿದೆ?" ಎಂದು ಕೇಳಿದ.

"ಹೆಂಚು ಬಿಟ್ಟು ಇನ್ನೇನು ತುಂಬಿಸಲಿ ಮಾರಾಯ? ನಿನ್ನ ದೋಣಿಗೆ ವಯಸ್ಸಾಯಿತು. ವಯಸ್ಸಾದ ಮೇಲೆ ಸೊಂಟ ಬೀಳುವುದು ಇದ್ದದ್ದೇ," ಎಂದ ವರ್ತಕ.

ಅಪ್ಪನ ದೋಣಿಗೆ ಬಂದ ಈ ಮಾತನ್ನು ದೋಣಿಕಾರ ಸಹಿಸಲಿಲ್ಲ. ವರ್ತಕನ ಗಂಟುಮೂಟೆಯನ್ನೆಲ್ಲ ಬಿಚ್ಚಿಸಿದ. ಸಿಕ್ಕಿದ್ದು ಒಂದು ದಿಂಬು, ಒಂದು ಪೊಟ್ಟಣ ಅವಲಕ್ಕಿ. ಇದರಿಂದಲೇ ಮುಳುಗುತ್ತಿದೆ ನೋಡು, ಬೇಕಾದರೆ ಅವಲಕ್ಕಿ ತಿಂದುಬಿಡುತ್ತೇನೆ ಎಂದು ವರ್ತಕ ಕೊಂಕು ನುಡಿದ.

ಹೊರಗಿನವನಲ್ಲಿ ತಪ್ಪು ಸಿಗದಿದ್ದಾಗ ದೋಣಿಕಾರ ದೋಣಿಯ ಕಡೆಗೇ ತಿರುಗಿದ. ಇಷ್ಟೇ ಹೊರೆಯನ್ನು ಬಂದರಿನಲ್ಲಿ ಹೊತ್ತೆಯಲ್ಲ, ಇಲ್ಲಿ ನಿನಗೇನು ಬಂತು ಎಂದು ಬೈದು, ಹುಟ್ಟಿದ ಮೇಲೆ ಮೊದಲ ಸಲ ಅದರ ಹಲಗೆಯನ್ನು ಕಾಲಿನಿಂದ ಒದ್ದ.

"ಸರಿಯಾಗಿಯೇ ಕೇಳಿದ," ಎಂದಳು ಮುಕ್ತಾಬಾಯಿ.

ಗುರುಗಳು ತಲೆದೂಗಿ ಮುಂದುವರಿದರು.

ಅಷ್ಟರಲ್ಲಿ ಎದುರುಗಾಳಿ ಎದ್ದಿತು. ದೊಡ್ಡ ಅಲೆಗಳೇನಲ್ಲ. ಕಡಲಿನಲ್ಲಾಗಿದ್ದರೆ ಅವನು ಅವನ್ನು ಅಲೆಯೆಂದೇ ಕರೆಯುತ್ತಿರಲಿಲ್ಲ. ಆದರೆ ದೋಣಿ ತಗ್ಗಿತ್ತು. ಒಂದು ತೆರೆ ಅಂಚು ಹತ್ತಿ ಒಳಗೆ ಚೆಲ್ಲಿತು. ಚೆಲ್ಲಿದ ನೀರಿನ ಭಾರಕ್ಕೆ ದೋಣಿ ಇನ್ನಷ್ಟು ತಗ್ಗಿತು. ತಗ್ಗಿದ್ದಕ್ಕೆ ಮುಂದಿನ ತೆರೆ ಸಲೀಸಾಗಿ ಒಳಗೆ ಬಂತು. ವರ್ತಕನ ಕೊಂಕು ನಿಂತುಹೋಯಿತು. ಅವನಿಗೆ ಈಜು ಬರುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತು ಹೀಗೇ ನಡೆದರೆ ದೋಣಿಯೂ ಇರುವುದಿಲ್ಲ, ಈ ಮನುಷ್ಯನೂ ಉಳಿಯುವುದಿಲ್ಲ ಎಂದು ದೋಣಿಕಾರನಿಗೆ ತಿಳಿಯಿತು. ಆದರೂ ಅವನ ಸಿಟ್ಟು ದೋಣಿಯ ಮೇಲೆಯೇ ಇತ್ತು.

ಆಗ ಇನ್ನೊಂದು ತೆರೆ ಅಂಚಿಗೆ ಬಡಿದು ಅವನ ಮುಖಕ್ಕೆ ಎರಚಿತು. ತುಟಿಯ ಮೇಲಿನ ನೀರನ್ನು ಅವನು ಉಗುಳಲು ಹೋದ. ಉಗುಳುವುದು ಅವನ ರೂಢಿ, ಕಡಲಿನವರೆಲ್ಲರ ರೂಢಿ. ಆದರೆ ಉಗುಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಬೊಗಸೆಯಲ್ಲಿ ಎತ್ತಿ ಕುಡಿದು ನೋಡಿದ. ಸಿಹಿನೀರು.

ಅವನಿಗೆ ಒಂದೊಂದೇ ನೆನಪಾಯಿತು. ಕಡಲಿನಲ್ಲಿ ಮೈಚೆಲ್ಲಿ ಮಲಗಿದರೂ ತೇಲುವ ತಾನು, ಬಾವಿಗೆ ಇಳಿದರೆ ಕೈಕಾಲು ಬಡಿಯಬೇಕಾಗುತ್ತಿತ್ತು. ಹೆಂಡತಿ ಉಪ್ಪುನೀರಿನ ಭರಣಿಯಲ್ಲಿ ಮಿಡಿಮಾವು ಹಾಕಿದರೆ ಅವು ಮೇಲೆದ್ದು ಬರುತ್ತವೆಂದು ಕಲ್ಲು ಹೇರುತ್ತಿದ್ದಳು. ಎಲ್ಲವೂ ಕಂಡದ್ದೇ, ಆದರೆ ಅವನು ಅದನ್ನು ದೋಣಿಗೆ ಹೊಂದಿಸಿ ನೋಡಿರಲಿಲ್ಲ. ದೋಣಿಯನ್ನು ಎತ್ತಿ ಹಿಡಿಯುವುದು ನೀರು. ತನ್ನ ಭಾರಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ಸರಿಸುವವರೆಗೆ ದೋಣಿ ತಗ್ಗುತ್ತದೆ, ಆಮೇಲೆ ನಿಲ್ಲುತ್ತದೆ. ಉಪ್ಪುನೀರು ತೂಕದ್ದು, ಕಡಿಮೆ ಸರಿಸಿದರೂ ಸಾಕು. ಸಿಹಿನೀರು ಹಗುರ, ಅದೇ ಭಾರಕ್ಕೆ ಹೆಚ್ಚು ಸರಿಸಬೇಕು, ಅದಕ್ಕಾಗಿ ಇನ್ನೂ ಕೆಳಗೆ ಇಳಿಯಬೇಕು. ಆ ಗೆರೆ ದೋಣಿಯ ಬಲವನ್ನಷ್ಟೇ ಹೇಳುತ್ತದೆಂದು ಅವನು ಇಷ್ಟು ವರ್ಷ ತಿಳಿದಿದ್ದ. ಅದರಲ್ಲಿ ಕಡಲಿನ ಪಾಲೂ ಇತ್ತು.

ಕೂಡಲೇ ದೋಣಿಯನ್ನು ದಂಡೆಗೆ ತಿರುಗಿಸಿದ. ಮೇಲಿನ ಸಾಲಿನ ಹೆಂಚುಗಳನ್ನು ಇಳಿಸಿ ಒಂದು ಮರದ ಬುಡದಲ್ಲಿ ಒಟ್ಟಿದ. ವರ್ತಕನೂ ಪಂಚೆ ಮೇಲೆ ಕಟ್ಟಿ, ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು, ಹೆಂಚು ಹೊತ್ತ. ಇಳಿಸಿದಷ್ಟೂ ದೋಣಿ ಎದ್ದಿತು. ದೋಣಿಕಾರ ವರ್ತಕನಿಗೆ ತಪ್ಪಾಯಿತೆಂದು ಹೇಳಿದ. ದೋಣಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒದ್ದ ಹಲಗೆಯನ್ನು ಅಂಗೈಯಿಂದ ಒರೆಸಿ, ಹುಟ್ಟು ಎತ್ತಿಕೊಂಡ.

ಗುರುಗಳು ಕತೆ ನಿಲ್ಲಿಸಿದರು.

ಮುಕ್ತಾಬಾಯಿ ದಡ್ಡಿಯಲ್ಲ. ಕತೆ ಯಾವ ಕಡೆ ಹೊರಟಿದೆಯೆಂದು ಅವಳಿಗೆ ಆಗಲೇ ತಿಳಿದಿತ್ತು. ಅದಕ್ಕೇ ತನ್ನ ಮನೆಯ ಪರವಾಗಿ ನಿಂತಳು. ಉಣ್ಣಲು ಉಡಲು ಕೊರತೆಯಿಲ್ಲ ಎಂದಳು. ನಳಿನಿಯ ಗಂಡ ಸಭ್ಯ. ಸೊಸೆಯ ಮೇಲೆ ಯಾರೂ ದನಿ ಏರಿಸಿದ್ದಿಲ್ಲ. ಹಬ್ಬಕ್ಕೆ ಸೀರೆ ತಪ್ಪಿಸಿದ್ದಿಲ್ಲ. ಇಷ್ಟು ಅಚ್ಚುಕಟ್ಟಾದ ಮನೆ ಊರಿನಲ್ಲಿ ಇನ್ನೊಂದಿದ್ದರೆ ತೋರಿಸಲಿ ಎಂದಳು. ಬೀಗರು ಬರುವ ಹೊತ್ತಾಯಿತೆಂದು ಏಳಲು ನೆಲಕ್ಕೆ ಕೈಯೂರಿದಳು.

ಗುರುಗಳು ಕೇಳಿದರು: "ಆ ಅಚ್ಚುಕಟ್ಟಾದ ಮನೆಯಲ್ಲಿ ನಳಿನಿ ಯಾರೊಡನೆ ನಗುತ್ತಾಳೆ, ತಾಯಿ?"

ಊರಿದ ಕೈ ಹಾಗೆಯೇ ಉಳಿಯಿತು. ಅಜ್ಜಿಯ ಹಾಸಿಗೆಯ ಬಳಿ ಕೇಳಿದ್ದ ಆ ನಗು ತನ್ನ ಮನೆಯಲ್ಲಿ ಒಮ್ಮೆಯೂ ಕೇಳಿಲ್ಲವೆಂದು ಹೊಳೆದು, ಮುಕ್ತಾಬಾಯಿ ಏಳಲಿಲ್ಲ.