ಗಡಿಗೆಯೊಳಗಿನ ಮರಳೇಡಿ

ಕಡಲಂಚಿನ ಆಶ್ರಮದಲ್ಲಿ ಪದ್ಮಾಕರನಿಗೆ ಮರುದಿನ ಕಾವಿ ದೀಕ್ಷೆ. ವೈರಾಗ್ಯ ಹೊಸದು, ಹೊಸ ಚಪ್ಪಲಿಯ ಹಾಗೆ ನಡೆದಲ್ಲೆಲ್ಲ ಕಿರುಗುಟ್ಟುತ್ತಿತ್ತು.

ಆ ದಿನ ಬೆಳಿಗ್ಗೆ ಅವನ ಊರಿನಿಂದ ದೋಣಿ ನಡೆಸುವ ಕುಷ್ಟ ಬಂದ.

"ನಿಮ್ ಅಬ್ಬಿ ಹಾಸ್ಗಿ ಹಿಡ್ದಿರ್ ಮರಾಯ್ರೆ. ಒಂದ್ ಸಲ ಮಗನ್ ಮುಖ ಕಾಣ್ಕ್ ಅಂತ್ರ್."

"ನನಗೆ ತಾಯಿ ಇಲ್ಲ ಎಂದು ಹೇಳು. ಎಲ್ಲ ಕಡಿದುಕೊಂಡವನು ನಾನು," ಎಂದ ಪದ್ಮಾಕರ, ಪುಸ್ತಕದ ಮಾತಿನಲ್ಲೇ.

ಕುಷ್ಟ ದಂಡೆಗೆ ಇಳಿದ. ಸಂಜೆಯ ಉಬ್ಬರಕ್ಕಾಗಿ ಕಾಯುತ್ತ ದೋಣಿಯ ಬಳಿ ಕುಳಿತ.

ಪದ್ಮಾಕರ ದಂಡೆಗುಂಟ ನಡೆದ. ನೀರಂಚಿನಲ್ಲಿ ಮರಳಿನದೇ ಬಣ್ಣದ ಒಂದು ಏಡಿ ಕಣ್ಣು ನಿಮಿರಿಸಿ ನಿಂತಿತ್ತು. ಅಲೆ ಬಂದು ಅದನ್ನು ಮುಳುಗಿಸಿ ಹೋಯಿತು. ಇನ್ನೊಂದು ಬಂತು.

ಪಾಪ ಅನ್ನಿಸಿತು. ಅದನ್ನು ಎತ್ತಿ ತಂದು, ಗಡಿಗೆಗೆ ಒಣ ಮರಳು ತುಂಬಿ, ಕುಟೀರದ ನೆರಳಲ್ಲಿ ಇಟ್ಟ. ಒಂದು ಜೀವ ಉಳಿಸಿದೆನೆಂದು ಒಳಗೊಳಗೇ ಬೀಗಿದ.

ಇಳಿಹೊತ್ತಿಗೆ, ಕುಷ್ಟನಿಂದ ಸುದ್ದಿ ಕೇಳಿ ಬಂದ ಗುರುಗಳು ಗಡಿಗೆಯಲ್ಲಿ ಇಣುಕಿದರು. ಏಡಿ ಕಾಲು ಮಡಚಿ ಬಿದ್ದಿತ್ತು.

"ಯಾಕಪ್ಪಾ ಇದು ಇಲ್ಲಿ?"

"ಅಲೆಗೆ ಸಿಕ್ಕಿ ಒದ್ದಾಡುತ್ತಿತ್ತು. ಕಾಪಾಡಿದೆ."

ಎಂದೂ ಓಡದ ಗುರುಗಳು ಗಡಿಗೆ ಎತ್ತಿಕೊಂಡು ನೀರಿನತ್ತ ಓಡಿದರು. ಪದ್ಮಾಕರ ಹಿಂದೆಯೇ ಓಡಿದ.

ಒದ್ದೆ ಮರಳಿನ ಮೇಲಿಟ್ಟರೂ ಏಡಿ ಅಲುಗಲಿಲ್ಲ.

"ನಾನೇ ಕೊಂದೆನೇ?" ಪದ್ಮಾಕರನಿಗೆ ಭಯವಾಯಿತು.

ಅಲೆ ಬಂತು, ಹೋಯಿತು. ಒಂದು ಕಾಲು ಮಿಸುಕಿತು. ಮತ್ತೊಂದು ಅಲೆಗೆ ಕಣ್ಣುಗಳು ಎದ್ದು ನಿಂತವು. ಏಡಿ ಅಡ್ಡಡ್ಡ ಓಡಿ, ಮೇಲಿನ ಮರಳಿನಲ್ಲಿದ್ದ ಬಿಲ ಹೊಕ್ಕಿತು.

ಪದ್ಮಾಕರ ಬೆರಗಾದ. "ಕಡಲಿಗೆ ಹೋಗಲೇ ಇಲ್ಲವಲ್ಲ!"

"ಅದ್ರ ಮನೆ ದಂಡೆಯೇ ಮಾರಾಯ. ನೀರೊಳಗೇ ಇಟ್ರೆ ಉಸಿರು ಕಟ್ಟಿ ಸಾಯ್ತದೆ."

"ಮತ್ತೆ ಅಲೆಯ ಹತ್ತಿರ ಯಾಕೆ ಬಂದಿತ್ತು?"

"ಕಿವಿರು ಒದ್ದೆ ಮಾಡಿಕೊಳ್ಳಲಿಕ್ಕೆ. ಅದು ಒಣಗಿದ್ರೆ ದಂಡೆಯಲ್ಲೂ ಉಸಿರಿಲ್ಲ."

ಉಬ್ಬರ ಏರಿತ್ತು. ಆಚೆ ಕುಷ್ಟ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಪದ್ಮಾಕರ ಅತ್ತಲೇ ನೋಡಿದ. ಅಬ್ಬಿಯ ಮುಖ ನೆನಪಾಯಿತು.

"ನಾಳೆ ದೀಕ್ಷೆ ಇದೆಯಲ್ಲ, ಗುರುಗಳೇ..."

ಗುರುಗಳು ಗಡಿಗೆಯ ಒಣ ಮರಳನ್ನು ಅವನ ಕಾಲ ಬಳಿ ಸುರಿದರು.

"ದೋಣಿ ಹತ್ತು. ಒಣಗಿದವನಿಗೆ ನಾನು ಕಾವಿ ಕೊಡುವುದಿಲ್ಲ."