ಕದಲಿದ ನಡುಪಕ್ಕೆ

"ಗುರುಗಳೇ, ಒಬ್ಬನ ಮೇಲೆ ಸಂಶಯ ಬಂದಾಗ ಅವನಿಗೆ ತಿಳಿಯದಂತೆ ಪರೀಕ್ಷಿಸಿ ನೋಡುವುದು ತಪ್ಪೇ?" ಎಂದು ಕಲ್ಲಯ್ಯ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಯಾರ ಮೇಲೆ?" ಎಂದರು.

"ಮಾದೇವನ ಮೇಲೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವವರು. ನಾನು ಆಡಿದ ಮಾತನ್ನು ಅವನು ಮಠದವರಿಗೆಲ್ಲ ಹೇಳಿಕೊಂಡು ಬರುತ್ತಾನೆ ಎಂದು ನನಗೆ ಅನುಮಾನ. ಅದಕ್ಕೇ ಒಂದೆರಡು ಸುಳ್ಳು ಸುದ್ದಿಗಳನ್ನು ಅವನ ಕಿವಿಗೆ ಹಾಕಿ, ಅವು ಎಲ್ಲಿಗೆ ಹೋಗಿ ಮುಟ್ಟುತ್ತವೆ ಎಂದು ಕಾಯುತ್ತಿದ್ದೇನೆ. ಅವನಿಗೆ ಇದರ ಸುಳಿವೂ ಇಲ್ಲ. ಕೆಟ್ಟವನಾಗಿದ್ದರೆ ಸಿಕ್ಕಿಬೀಳುತ್ತಾನೆ. ಒಳ್ಳೆಯವನೇ ಆಗಿದ್ದರೆ ಅವನಿಗೇನು ನಷ್ಟ?"

"ಲೆಕ್ಕ ಚೆನ್ನಾಗಿದೆ," ಎಂದು ಗುರುಗಳು ನಕ್ಕರು. "ಒಬ್ಬ ಅಂಬಿಗನೂ ಹೀಗೆಯೇ ಲೆಕ್ಕ ಹಾಕಿದ್ದ. ಕೇಳು."

ಹೊಳೆ ಸಮುದ್ರ ಸೇರುವ ಕಡೆ ಒಬ್ಬ ಅಂಬಿಗನಿದ್ದ. ಹೊಳೆಯ ನಡುವೆ ಒಂದು ಕುದ್ರು, ಸುತ್ತ ನೀರಿರುವ ಪುಟ್ಟ ನೆಲ. ಅಲ್ಲಿಯ ಜನರನ್ನು ಸಂತೆಗೆ ಕರೆತಂದು ತಿರುಗಿ ಬಿಡುವುದು ಅವನ ಜೀವನ. ಕುದ್ರಿನಲ್ಲಿ ಒಬ್ಬ ಬಡಗಿಯೂ ಇದ್ದ. ಇಬ್ಬರೂ ಚಿಕ್ಕಂದಿನಿಂದ ಒಂದೇ ನೀರಿನಲ್ಲಿ ಈಜಿದವರು. ಅಂಬಿಗನ ದೋಣಿಯ ಮುಂಗೊನೆಯಲ್ಲಿ ಬಡಗಿಗೆಂದೇ ಒಂದು ಜಾಗವಿತ್ತು. ದಾಟುವಾಗಲೆಲ್ಲ ಅವನು ಅಲ್ಲಿಯೇ ಕುಳಿತು ಎಲೆಯಡಿಕೆ ಹಾಕುತ್ತಿದ್ದ. ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ.

ಒಂದು ಮಳೆಗಾಲ ಆ ದೋಣಿಯ ಮರ ಲಡ್ಡಾಗಿ, ಕೊಳೆತು ಒಡೆಯಿತು. ಹೊಸದನ್ನು ಕಟ್ಟಬೇಕಾಯಿತು. ಕಟ್ಟುವವನು ಬಡಗಿಯಲ್ಲದೆ ಇನ್ನಾರು? ಆದರೆ ಒಂದು ಆತಂಕವಿತ್ತು. ಎದುರುದಡದಲ್ಲಿ ಇನ್ನೊಬ್ಬ ಅಂಬಿಗ. ಹೊಳೆಯ ನೀರು ತಿಳಿಯಾಗಿ ಸಂತೆಗಳು ಶುರುವಾಗುವುದರೊಳಗೆ ಹೊಸ ದೋಣಿ ಇಳಿಯದಿದ್ದರೆ, ಇಳಿದರೂ ನೆಟ್ಟಗೆ ಓಡದಿದ್ದರೆ, ಕುದ್ರಿನ ಜನ ಖಾಯಂ ಆಗಿ ಅವನ ದೋಣಿ ಹತ್ತುವುದು ಖಂಡಿತ. ಆಮೇಲೆ ಈ ಅಂಬಿಗ ದಡದಲ್ಲಿ ಕೂತು ಅಲೆ ಎಣಿಸಬೇಕು.

ಬಡಗಿ ಕೆಲಸ ಹಿಡಿದ. ಅಂಬಿಗನ ಮನೆಯ ಹತ್ತಿರ ಒಂದು ಚಪ್ಪರ ಹಾಕಿ ಅಡಿಮರವನ್ನು ಮಲಗಿಸಿದ. ಅದರ ಮೇಲೆ ಪಕ್ಕೆಗಳನ್ನು ನಿಲ್ಲಿಸಿದ. ಪಕ್ಕೆ ಎಂದರೆ ಅಡಿಮರದಿಂದ ಎಡಕ್ಕೂ ಬಲಕ್ಕೂ ತೋಳು ಎತ್ತಿ ನಿಲ್ಲುವ ಬಾಗುಮರ. ದೋಣಿಯ ಆಕಾರವೆಲ್ಲ ಅದರಲ್ಲಿದೆ. ಹಲಗೆ ಹೊಡೆಯುವ ತನಕ ಅವು ಊರುಗೋಲು ಮತ್ತು ಬೆಣೆಗಳ ದಯೆಯಿಂದ ನಿಂತಿರುತ್ತವೆ, ಅಷ್ಟೇ. ಒಂದು ಪಕ್ಕೆ ಓರೆಯಾದರೂ ದೋಣಿ ಜನ್ಮವಿಡೀ ಒಂದೇ ಕಡೆಗೆ ಎಳೆಯುತ್ತದೆ.

ಬಡಗಿ ಮುಂಗೊನೆಯ ನಡುವೆ ಒಂದು ಮೊಳೆ ಹೊಡೆದು ದಾರ ಕಟ್ಟಿದ. ದಾರದ ತುದಿಯನ್ನು ದೋಣಿಯ ನಡುವೆ ನಿಂತ ನಡುಪಕ್ಕೆಯ ಎಡತೋಳಿಗೆ ಮುಟ್ಟಿಸಿ, ಮುಟ್ಟಿದ ಕಡೆ ಗುರುತಿಗೆ ದಾರದಲ್ಲಿ ಗಂಟು ಹಾಕಿದ. ಅದೇ ಗಂಟನ್ನು ಬಲತೋಳಿಗೆ ಒಯ್ಯುವಂತೆ ಅಂಬಿಗನಿಗೆ ಹೇಳಿದ. ಎರಡೂ ಕಡೆ ಒಂದೇ ಅಳತೆ ಬಂತು.

"ಇನ್ನು ಹಲಗೆ ಬೀಳುವ ತನಕ ಇದಕ್ಕೆ ಕೈ ತಾಗಿಸಬೇಡ ಮಾರಾಯ," ಎಂದ ಬಡಗಿ. "ಅಳೆಯಬೇಕು ಅನ್ನಿಸಿದರೆ ನನ್ನನ್ನು ಕರೆ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ನಿಂತು ಅಳೆಯುವುದು ನಮ್ಮ ಕ್ರಮ."

ದೋಣಿ ಕಟ್ಟುವವರೆಲ್ಲ ಹೇಳುವ ಮಾತು ಅದು. ಅಂಬಿಗನೂ ತಲೆಯಾಡಿಸಿದ.

ಮರುದಿನ ಬೆಳಗ್ಗೆ ಬಡಗಿ ಎದುರುದಡದವನ ದೋಣಿಯಿಂದ ಇಳಿಯುವುದನ್ನು ಅಂಬಿಗ ಕಂಡ. ಕುದ್ರಿನಿಂದ ಬರಲು ಬೇರೆ ದೋಣಿ ಇರಲಿಲ್ಲ. ಬಾಚಿ ಕೊಡತಿ ಹೊತ್ತುಕೊಂಡು ಈಜಿ ಬರಲಾಗುತ್ತದೆಯೇ? ಆದರೆ ಇಳಿಯುವಾಗ ಬಡಗಿಯೂ ಆ ಅಂಬಿಗನೂ ಯಾವುದೋ ಮಾತಿಗೆ ನಕ್ಕರು. ಏನು ನಗು ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇವನು ಕೇಳಲಿಲ್ಲ. ಕೇಳದೆ ಉಳಿದ ಮಾತು ತಲೆಯಲ್ಲಿ ಹುಳ ಬಿಟ್ಟಿತು. ಮುಟ್ಟಬೇಡ ಎಂದನಲ್ಲ, ಯಾಕೆ? ಮುಟ್ಟಿದರೆ ಏನು ಗೊತ್ತಾಗಿಬಿಡುತ್ತದೆ?

ಆ ಸಂಜೆ ಬಡಗಿ ಮನೆಗೆ ಹೋದ ಮೇಲೆ ಅಂಬಿಗ ಚಪ್ಪರಕ್ಕೆ ನುಗ್ಗಿದ. ಒಬ್ಬನೇ ಅಳೆಯಬೇಕಲ್ಲ. ಅಡಿಮರದ ಮೇಲೆ ಕಾಲಿಟ್ಟು, ನಡುಪಕ್ಕೆಯ ಎಡತೋಳನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ದಾರವನ್ನು ಬಲತೋಳಿನ ಕಡೆಗೆ ಚಾಚಿದ. ಅಳತೆ ಸರಿಯಾಗಿತ್ತು. ಸರಿಯಾಗಿದ್ದುದು ಅವನಿಗೆ ಹಿಡಿಸಲಿಲ್ಲ. ಮೋಸ ಅಷ್ಟು ಸುಲಭಕ್ಕೆ ಕಾಣುವಂತೆ ಮಾಡುವಷ್ಟು ದಡ್ಡನೇ ಆ ಬಡಗಿ ಎಂದುಕೊಂಡ.

ಮಾರನೆಯ ಸಂಜೆ ಮತ್ತೆ ಹತ್ತಿ ಅಳೆದ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಆಮೇಲೆ ಬೆಳಗ್ಗೆಯೂ ಅಳೆಯತೊಡಗಿದ. ವ್ಯತ್ಯಾಸ ಬೆರಳಗಲವಾಯಿತು. ಅವನಿಗೆ ಸಿಟ್ಟು ಬಂತು, ಜೊತೆಗೆ ಒಂದು ಬಗೆಯ ಸಂತೋಷವೂ ಆಯಿತು. ನಾನು ಅಂದುಕೊಂಡದ್ದು ನಿಜವಾಯಿತು ಎಂಬ ಸಂತೋಷ. ಅದರಂಥ ಕೆಟ್ಟ ಸಂತೋಷ ಇನ್ನೊಂದಿಲ್ಲ.

ಬೇಲಿಯ ಮರೆಯಲ್ಲಿ ನಿಂತು ನೋಡಿದ. ಬಡಗಿ ಬಂದವನೇ ನಡುಪಕ್ಕೆಯನ್ನು ದಿಟ್ಟಿಸಿದ. ಸುಮ್ಮನೆ ತಲೆ ಕೆರೆದುಕೊಂಡ. ಊರುಗೋಲಿನ ಬುಡಕ್ಕೆ ಒಂದು ಚಪ್ಪಟೆ ಕಲ್ಲು ಇಟ್ಟು, ಬೆಣೆಗೆ ಕೊಡತಿಯಿಂದ ಹೊಡೆದ. ಪಾಪ, ಮಳೆಗೆ ನೆನೆದ ನೆಲ ಇಳಿಯುತ್ತಿದೆ ಎಂದು ಅವನು ತಿಳಿದಿದ್ದ. ಅವನ ಸಂಶಯ ನೆಲದ ಮೇಲೆ ಹೋಯಿತು, ಮನುಷ್ಯನ ಮೇಲೆ ಹೋಗಲಿಲ್ಲ. ಬೇಲಿಯ ಹಿಂದಿದ್ದವನಿಗೆ ಅದೇ ಬೇರೆಯಾಗಿ ಕಂಡಿತು. ನೋಡು, ಯಾರೂ ಇಲ್ಲದ ಹೊತ್ತಿನಲ್ಲಿ ಬೆಣೆಯ ಜೊತೆ ಆಟ ಆಡುತ್ತಿದ್ದಾನೆ ಎಂದುಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕಳ್ಳನನ್ನು ಹೆಜ್ಜೆಯ ಸಮೇತ ಹಿಡಿಯಬೇಕು ಎಂದು ಅಂಬಿಗ ಉಪಾಯ ಹೂಡಿದ. ಸಂಜೆ ಎಂದಿನಂತೆ ಹತ್ತಿ, ತೋಳು ಹಿಡಿದು, ಅಳೆದು ಇಳಿದ. ಆಮೇಲೆ ಹಿಂದಕ್ಕೆ ಹೆಜ್ಜೆಯಿಡುತ್ತ ಚಪ್ಪರದ ನೆಲಕ್ಕೆಲ್ಲ ಒಲೆಯ ಬೂದಿ ಹರಡಿದ. ಬೆಳಗ್ಗೆ ಬಂದು ನೋಡಿದರೆ ಬೂದಿಯ ಮೇಲೆ ಒಂದು ಇರುವೆಯ ಗುರುತೂ ಇರಲಿಲ್ಲ. ಅಳೆದರೆ ಪಕ್ಕೆ ಓರೆಯಾಗಿತ್ತು.

ಬುದ್ಧಿ ನೆಟ್ಟಗಿದ್ದವನಾದರೆ, ರಾತ್ರಿ ಯಾರೂ ಬಂದಿಲ್ಲ, ಕೊನೆಗೆ ಮುಟ್ಟಿದವನು ನಾನೇ, ಎಂದು ಯೋಚಿಸುತ್ತಿದ್ದ. ಅಂಬಿಗನಿಗೆ ಹಾಗೆ ಹೊಳೆಯಲಿಲ್ಲ. ಕಾಲಿಡದೆ ಕದಲಿಸಿದ್ದಾನೆ ಎಂದ ಮೇಲೆ ಇದು ಮಾಟವೇ ಸರಿ ಎಂದು ತೀರ್ಮಾನಿಸಿದ.

ಬಡಗಿ ದೋಣಿಯಿಂದ ಇಳಿಯುವಷ್ಟರಲ್ಲಿ ಹೋಗಿ ಅಡ್ಡ ನಿಂತ. ಎದುರುದಡದವನೂ, ದೋಣಿಯಲ್ಲಿದ್ದ ಕುದ್ರಿನ ಜನರೂ ನೋಡುತ್ತಿದ್ದರು.

"ನನ್ನ ದೋಣಿಗೆ ಏನು ಮಾಡಿಸಿದ್ದೀಯೋ? ನಡುಪಕ್ಕೆ ದಿನಾ ಓರೆಯಾಗುತ್ತದೆ. ಇವನ ಹತ್ತಿರ ಏನು ಮಾತಾಗಿದೆ ನಿನಗೆ?"

ಬಡಗಿಯ ಮುಖ ಇಳಿಯಿತು. "ಓರೆಯಾಗುತ್ತದೆ ಎಂದು ನಿನಗೆ ಹೇಗೆ ಗೊತ್ತು?" ಎಂದ.

"ಅಳೆದಿದ್ದೇನೆ."

"ಹೇಗೆ ಅಳೆದೆ, ತೋರಿಸು."

ಎಲ್ಲರೂ ಚಪ್ಪರಕ್ಕೆ ಬಂದರು. ಬಡಗಿ ಮೊದಲು ಬೆಣೆ ಹೊಡೆದು ಪಕ್ಕೆಯನ್ನು ಸರಿಮಾಡಿಟ್ಟ. ಅಂಬಿಗ ಅಡಿಮರದ ಮೇಲೆ ಕಾಲಿಟ್ಟ. ಎಡತೋಳನ್ನು ಭದ್ರವಾಗಿ ಹಿಡಿದ. ದಾರ ಹಿಡಿದು ಬಲಕ್ಕೆ ವಾಲಿದ. ಅವನ ಭಾರಕ್ಕೆ ಪಕ್ಕೆ ಜಗ್ಗಿ, ಕಾಲಬುಡದಲ್ಲಿ ಬೆಣೆ ಕಿರುಗುಟ್ಟಿತು. ಇಷ್ಟು ದಿನವೂ ಅದು ಕಿರುಗುಟ್ಟಿಯೇ ಇತ್ತು. ಕಳ್ಳನ ಹೆಜ್ಜೆಗೆ ಕಿವಿಗೊಟ್ಟವನಿಗೆ ತನ್ನ ಕಾಲಬುಡದ ಸದ್ದು ಕೇಳಿರಲಿಲ್ಲ. ಅವನು ತನ್ನ ಕೈಯನ್ನು ನೋಡಿದ, ಕೈಯಲ್ಲಿದ್ದ ಪಕ್ಕೆಯ ತೋಳನ್ನು ನೋಡಿದ. ಮೆಲ್ಲಗೆ ಬಿಟ್ಟ. ನಾಚಿಕೆಯಿಂದ ಅವನಿಗೆ ಇಳಿಯಲೂ ಆಗಲಿಲ್ಲ.

ಬಡಗಿ ಮತ್ತೊಮ್ಮೆ ಬೆಣೆ ಹೊಡೆದ. ದಾರದ ಗಂಟನ್ನು ಎಡತೋಳಿಗೆ ಮುಟ್ಟಿಸಿ, ನಂತರ ಅಂಬಿಗನ ಕೈಗೆ ಕೊಟ್ಟ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ನಿಂತು ಅಳೆದರು. ಸರಿಯಾಗಿತ್ತು. ಅಂಬಿಗ ಕೈ ಮುಗಿದು ತಪ್ಪಾಯಿತು ಎಂದ. "ಇರಲಿ ಬಿಡು," ಎಂದು ಬಡಗಿ ಅಂದೇ ಮೊದಲ ಹಲಗೆ ಹೊಡೆದ.

ದೋಣಿ ಹೊತ್ತಿಗೆ ಸರಿಯಾಗಿ ನೀರಿಗೆ ಇಳಿಯಿತು. ಹಾಯಿ ಬಿಚ್ಚಿದರೆ ಗೆರೆ ಎಳೆದ ಹಾಗೆ ನೆಟ್ಟಗೆ ಓಡಿತು. ಅಂಥ ದೋಣಿಯನ್ನು ಆ ಬಡಗಿ ಹಿಂದೆಯೂ ಕಟ್ಟಿರಲಿಲ್ಲ, ಮುಂದೆಯೂ ಕಟ್ಟಲಿಲ್ಲ. ಕುದ್ರಿನ ಜನ ಒಬ್ಬೊಬ್ಬರಾಗಿ ತಿರುಗಿ ಬಂದರು. ಅಂಬಿಗ ಮುಂಗೊನೆಯ ಜಾಗವನ್ನು ದಿನವೂ ಒರೆಸಿ ಖಾಲಿ ಇಟ್ಟುಕೊಂಡು ಕಾದ. ಬಡಗಿ ಮಾತ್ರ ಅಂದಿನಿಂದ ಇಂದಿನವರೆಗೆ ಎದುರುದಡದವನ ದೋಣಿಯಲ್ಲಿಯೇ ದಾಟುತ್ತಾನೆ.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಬತ್ತಿ ಹೊಸೆಯತೊಡಗಿದರು.

ಕಲ್ಲಯ್ಯನಿಗೆ ಒಪ್ಪಿಗೆಯಾಗಲಿಲ್ಲ. "ತಪ್ಪೊಪ್ಪಿಕೊಂಡನಲ್ಲ ಗುರುಗಳೇ? ಬಡಗಿ ಅಷ್ಟು ಬಿಗಿಯಾಗಬಾರದಿತ್ತು," ಎಂದ. "ಅಲ್ಲದೆ ಆ ಅಂಬಿಗ ಹತ್ತು ಜನರ ಎದುರು ಬಾಯಿ ಬಿಟ್ಟು ಕೆಟ್ಟ. ನಾನು ಯಾರ ಎದುರಿಗೂ ತುಟಿ ಬಿಚ್ಚಿಲ್ಲ. ಮಾದೇವನಿಗೆ ಏನೂ ಗೊತ್ತೇ ಇಲ್ಲ."

ಗುರುಗಳು ಬತ್ತಿಯನ್ನು ತಟ್ಟೆಯಲ್ಲಿಟ್ಟರು.

"ಮಲಗಲು ಬೇರೆ ಕೋಣೆ ಕೊಡಿ ಎಂದು ಇವತ್ತು ಬೆಳಗ್ಗೆ ಮಾದೇವ ಬಂದು ಕೇಳಿ ಹೋದ."