ಕರಿಬಂಡೆಯ ಬುಡ

ಮಕ್ಕಳೇ, ಕಾಡಿನ ಕೆರೆಯೊಂದರ ದಂಡೆಯಲ್ಲಿ ಪ್ರಾಣಿಗಳೆಲ್ಲ ಸೇರಿ ಕಟ್ಟಿದ ಉಗ್ರಾಣವಿತ್ತು. ಪ್ರತಿ ಸುಗ್ಗಿಯಲ್ಲೂ ಎಲ್ಲರೂ ಅದಕ್ಕೊಂದಿಷ್ಟು ಕಾಳು ಸುರಿಯುತ್ತಿದ್ದರು. ಕೆರೆಯ ನೀರಿಳಿದು ನಡುವಿನ ಕರಿಬಂಡೆಯ ಬುಡ ಕಂಡರೆ ಕಷ್ಟಕಾಲ ಬಂತೆಂದು ಲೆಕ್ಕ. ಆಗ ಬಾಗಿಲು ತೆರೆಯುವುದು ಪದ್ಧತಿ. ಕಾವಲಿಗಿದ್ದ ಮುಳ್ಳುಹಂದಿ ಮುಳ್ಳಪ್ಪ ದಿನಾ ಬೆಳಿಗ್ಗೆ ಆ ಬಂಡೆ ನೋಡುತ್ತಿದ್ದ. ಬೇರೇನನ್ನೂ ನೋಡುತ್ತಿರಲಿಲ್ಲ, ಪುಣ್ಯಾತ್ಮ!

ಒಂದು ವರ್ಷ ಬಿರುಗಾಳಿಗೆ ದೊಡ್ಡ ಅತ್ತಿಮರ ಉರುಳಿತು. ಎಲ್ಲರಿಗೂ ದಿಗಿಲು. ನಾಳೆ ಹೇಗೋ ಏನೋ ಎಂದು ಕೈ ಬಿಗಿಹಿಡಿದರು. ಗೂಡು, ಚಾಪೆ ನೇಯಿಸುವವರಿಲ್ಲದೆ ಗೀಜಗ ತಿಪ್ಪಣ್ಣ ಕೈಕಟ್ಟಿ ಕೂತ. ಅವನಂಥವರು ಕೊಳ್ಳದೆ ಕೋತಿ ಕೆಂಚನ ಹಣ್ಣು ಕೊಳೆಯಿತು. ಕೆಂಚ ತನ್ನ ತೋಟ ಅಗೆಯುವ ಕಾಡುಹಂದಿ ದುಗ್ಗನಿಗೆ, "ನಾಳೆಯಿಂದ ಬರಬೇಡಪ್ಪ" ಎಂದುಬಿಟ್ಟ.

ಕಾಡಿನ ಹಿರಿಯಾನೆ ದೊಡ್ಡಮ್ಮ ಉಗ್ರಾಣಕ್ಕೆ ಬಂದಳು.

"ಮುಳ್ಳಪ್ಪ, ಬಾಗಿಲು ತೆಗೆ. ಕೆರೆಯ ಏರಿ ಸವೆದಿದೆ. ಅದರ ಕೆಲಸ ಹಚ್ಚಿ, ದುಡಿದವರಿಗೆ ಕಾಳು ಕೊಡೋಣ."

"ಕೆರೆ ತುಂಬಿದೆ ದೊಡ್ಡಮ್ಮ, ಕಷ್ಟ ಎಲ್ಲಿದೆ? ಬಂಡೆಯ ಬುಡ ಕಾಣಲಿ, ಆಮೇಲೆ ನೋಡೋಣ."

"ಬಂಡೆಗೆ ಏನಾಗಬೇಕೋ? ಕಷ್ಟ ತಿಪ್ಪಣ್ಣನ ಮನೆಗೆ ಬಂದಿದೆ!"

ಮುಳ್ಳಪ್ಪ ಮುಳ್ಳು ನಿಗುರಿಸಿ ಬಾಗಿಲಿಗೆ ಅಡ್ಡ ಕೂತ. ಆನೆಯಾದರೇನು, ಮುಳ್ಳಿನ ಮೇಲೆ ಕಾಲಿಡುವಳೇ?

"ತೆಗೆದೇ ತೆಗೀತೀಯ, ನೋಡ್ತಿರು" ಎಂದು ದೊಡ್ಡಮ್ಮ ನಕ್ಕು ಹೋದಳು.

ಮೂರನೇ ದಿನ ಮೋಡ ಕವಿಯಿತು. ಮುಳ್ಳಪ್ಪ ತಲೆಯೆತ್ತಿದರೆ, ಉಗ್ರಾಣದ ಚಾವಣಿಯ ಹುಲ್ಲು ಅರ್ಧಕ್ಕರ್ಧ ಇಲ್ಲ! ಬಿರುಗಾಳಿ ಎಂದೋ ಹಾರಿಸಿತ್ತು. ಮಳೆ ಬಿದ್ದರೆ ಇಡೀ ಕಾಡಿನ ಕಾಳು ಕೊಳೆಯುತ್ತದೆ.

"ತಿಪ್ಪಣ್ಣಾ!" ಎಂದು ಕೂಗುತ್ತ ಓಡಿದ. ಗೂಡು ಖಾಲಿ. ಗೀಜಗಗಳೆಲ್ಲ ಹೆಂಡತಿ ಮಕ್ಕಳ ಸಮೇತ ಬೇರೆ ಕಾಡಿಗೆ ಹೊರಟಿದ್ದವು.

ಅವು ಗುಡ್ಡದ ತುದಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ಮುಳ್ಳಪ್ಪ ಏದುಸಿರು ಬಿಡುತ್ತ ಬಂದ. "ಬಾರಪ್ಪ, ಚಾವಣಿ ಹೆಣೆದುಕೊಡು!"

"ಬಂಡೆಯ ಬುಡ ಕಂಡಿತೇನಣ್ಣ?" ಎಂದ ತಿಪ್ಪಣ್ಣ.

ಮುಳ್ಳಪ್ಪನಿಗೆ ನಾಚಿಕೆಯಾಯಿತು. ಮುಳ್ಳೆಲ್ಲ ಮುದುರಿಕೊಂಡು ಹೇಳಿದ: "ಇಲ್ಲಪ್ಪ, ನಿನ್ನ ಖಾಲಿ ಗೂಡು ಕಂಡಿತು. ಬಾಗಿಲು ಇವತ್ತೇ ತೆಗೀತೀನಿ. ಚಾವಣಿ ಮುಗಿದ ಮೇಲೆ ಏರಿ ಕೆಲಸ, ಎಲ್ಲರಿಗೂ."

ಮಳೆ ಬೀಳುವ ಮುಂಚೆ ಗೀಜಗಗಳು ಚಾವಣಿ ಹೆಣೆದು ಮುಗಿಸಿದವು. ದುಗ್ಗ ಏರಿಗೆ ಮಣ್ಣು ಹಾಕಿದ. ತಿಪ್ಪಣ್ಣ ಕೂಲಿಯ ಕಾಳು ಕೊಟ್ಟು ಕೆಂಚನ ಹಣ್ಣು ಕೊಂಡ. ಕೆಂಚ ದುಗ್ಗನನ್ನು ಮತ್ತೆ ತೋಟಕ್ಕೆ ಕರೆದ. ದುಗ್ಗ ಮರಿಗಳಿಗೆಂದು ತಿಪ್ಪಣ್ಣನಿಂದ ಚಾಪೆ ನೇಯಿಸಿದ. ಸುಗ್ಗಿ ಬಂದಾಗ ಉಗ್ರಾಣ ಎಷ್ಟು ತುಂಬಿತೆಂದರೆ, ಬಾಗಿಲು ಮುಚ್ಚಲು ದೊಡ್ಡಮ್ಮನೇ ಬಂದು ಒತ್ತಬೇಕಾಯಿತು.

ಮುಳ್ಳಪ್ಪ ಈಗಲೂ ಬೆಳಿಗ್ಗೆ ಬೇಗ ಏಳುತ್ತಾನೆ. ಎದ್ದವನೇ ತಿಪ್ಪಣ್ಣನ ಮರದ ಕೆಳಗೆ ನಿಂತು ಕೇಳುತ್ತಾನೆ: "ಇವತ್ತು ಕೆಲಸ ಇದೆಯೇನಪ್ಪ?"

ನೀತಿ: ಕಷ್ಟಕಾಲಕ್ಕೆ ಕೂಡಿಟ್ಟದ್ದನ್ನು, ದುಡಿಯುವ ಕೈಗಳು ಊರು ಬಿಡುವ ಮುಂಚೆಯೇ ತೆಗೆದು ಅವರಿಗೆ ಕೆಲಸ ಕೊಡಬೇಕು.